ಕಾರ್ಮಿನ್ ಬಾಯಿಯ ತೆನೆಮೂಲೆ

ಕಲ್ಲುಹೊಂಡದ ಕಾರ್ಮಿನ್ ಬಾಯಿಯನ್ನು ಊರಿನ ಕ್ರೈಸ್ತರು ವರ್ಷಕ್ಕೊಮ್ಮೆ ನೆನಪು ಮಾಡಿಕೊಳ್ಳುತ್ತಿದ್ದರು. ಆಗಸ್ಟ್ ತಿಂಗಳು ಹುಟ್ಟಿತೆಂದರೆ ಇಗರ್ಜಿಯ ಮೆಟ್ಟಿಲ ಬಳಿ ಯಾರಾದರೊಬ್ಬರು ಅವಳನ್ನು ನಿಲ್ಲಿಸಿ, ತೆನೆ ಹೇಗಿದೆ ಬಾಯಿ, ಹಬ್ಬಕ್ಕೆ ಸರಿಯಾಗಿ ಬರ್ತದಲ್ಲ ಎಂದು ಕೇಳುವರು. ಬರ್ತದೆ ಎಂದು ಅವಳು ಹೇಳುವಳು. ಅಷ್ಟು ಹೇಳಿದ್ದರ ಖುಷಿ ಮನೆ ಮುಟ್ಟುವವರೆಗೂ ಇರುತ್ತಿತ್ತು. ಸೆಪ್ಟೆಂಬರ್ ಎಂಟು ಕಳೆದ ಮೇಲೆ ಮತ್ತೆ ಅವಳ ಸುದ್ದಿ ಯಾರಿಗೂ ಬೇಡ.

ಸೆಪ್ಟೆಂಬರ್ ಎಂಟು ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅದೇ ತೆನೆಹಬ್ಬ. ಹೊಸ ಭತ್ತದ ತೆನೆಯನ್ನು ಪಾದ್ರಿಗಳು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಆ ಕಾಳನ್ನು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಹಿಂದೆ ಭತ್ತದ ಗದ್ದೆ ಇಲ್ಲದ ಮನೆಯೇ ಇರಲಿಲ್ಲ. ಈಗ ಹೊಸನಗರದಿಂದ ಸಾಗರಕ್ಕೆ ಹೋಗುವ ಈ ಒಳದಾರಿಯ ಎರಡೂ ಬದಿಯಲ್ಲಿ ಗದ್ದೆಗಳೆಲ್ಲ ಅಡಿಕೆಯಾಗಿವೆ, ಇಲ್ಲವೇ ಶುಂಠಿ. ಭತ್ತ ಎಂದರೆ ಕಾರ್ಮಿನ್ ಬಾಯಿಯದೊಂದೇ.

ಹಬ್ಬಕ್ಕೆ ಸರಿಯಾಗಿ ತೆನೆ ಬರಿಸುವುದು ಸುಲಭವಲ್ಲ. ಮಲೆನಾಡಿನ ಭತ್ತ ಜುಲೈಯಲ್ಲಿ ನಾಟಿಯಾಗಿ ಹೊಡೆ, ಅಂದರೆ ತೆನೆಯ ಬಸಿರು, ತುಂಬುವುದೇ ಅಕ್ಟೋಬರಿನಲ್ಲಿ. ಅಷ್ಟರವರೆಗೆ ಮರಿಯಮ್ಮ ಕಾಯುವುದಿಲ್ಲ. ಅದಕ್ಕೇ ಅವಳ ಅಪ್ಪ ಒಂದು ಉಪಾಯ ಮಾಡಿದ್ದ. ಗದ್ದೆಯ ಮೇಲಿನ ಮೂಲೆಯೊಂದಕ್ಕೆ ಮೇ ತಿಂಗಳಿನಲ್ಲೇ ಬೇಗ ಬರುವ ತಳಿಯ ಬೀಜ ಹಾಕಿ, ಮಳೆ ಹಿಡಿಯುವವರೆಗೆ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ಹಾಕುವುದು. ಅಪ್ಪ ಹೋದ ಮೇಲೆ ಅಣ್ಣ ಪಾಸ್ಕು ಹೊತ್ತ, ಪಾಸ್ಕು ಹೋದ ಮೇಲೆ ಕಾರ್ಮಿನ್ ಬಾಯಿ ಹೊತ್ತಳು. ಅವಳಿಗೆ ಮದುವೆಯಾಗಲಿಲ್ಲ. ಆಗಲಿಲ್ಲ, ಅಷ್ಟೆ, ಅದಕ್ಕೊಂದು ಕಥೆ ಕಟ್ಟುವ ಅಗತ್ಯವಿಲ್ಲ. ಅಣ್ಣನ ಮನೆ ನೋಡಿಕೊಂಡಿದ್ದಳು, ಅಣ್ಣ ಸತ್ತ ಮೇಲೆ ಬರೀ ಮನೆ ನೋಡಿಕೊಂಡಿದ್ದಳು. ಅರವತ್ತು ದಾಟಿತ್ತು. ಹಬ್ಬದ ದಿನ ಊರಿಗೆಲ್ಲ ತೆನೆ ಹಂಚಿ, ಮನೆಗೆ ಬಂದು, ಒಬ್ಬಳೇ ಪಾಯಸ ಉಂಡು ಪಾತ್ರೆ ತೊಳೆದಿಡುತ್ತಿದ್ದಳು.

ಈ ವರ್ಷ ಜೂನ್‌ನಲ್ಲಿ ತೀರ್ಥಹಳ್ಳಿ ಕಡೆಯಿಂದ ಫಾದರ್ ಸ್ಟ್ಯಾನಿ ವರ್ಗವಾಗಿ ಬಂದರು. ಇನ್ನೂ ಎಳೆ ವಯಸ್ಸು, ಮಾತಿನಲ್ಲಿ ಹುರುಪು. ಸೆಪ್ಟೆಂಬರ್ ಒಂದರಿಂದ ಜಗತ್ತಿನ ಕ್ರೈಸ್ತರೆಲ್ಲ ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲವಾದ್ದರಿಂದ, ಅದಕ್ಕೆ ತಿಂಗಳು ಮೊದಲೇ ಅವರು ಭಾನುವಾರದ ಪೂಜೆಯ ಉಪದೇಶದಲ್ಲಿ ಅದೇ ಪ್ರಸಂಗ ಶುರುಮಾಡಿದ್ದರು. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಬರೀ ಬೆಳೆದು ಉಣ್ಣಲಿಕ್ಕಲ್ಲ, ಕಾಯಲಿಕ್ಕೂ ಹೌದು; ಆ ತೋಟವನ್ನು ಅವನು ಯಾರೊಬ್ಬರ ಹೆಸರಿಗೂ ಬರೆದುಕೊಟ್ಟಿಲ್ಲ ಎಂದರು. ನಿನ್ನ ತಮ್ಮ ಎಲ್ಲಿ ಎಂದು ದೇವರು ಕೇಳಿದಾಗ, ತಮ್ಮನನ್ನು ಕೊಂದು ಬಂದು, ನಾನೇನು ಅವನ ಕಾವಲುಗಾರನೋ ಎಂದವನ ಕಥೆ ಹೇಳಿ, ಇವತ್ತು ನಮ್ಮ ಹಳ್ಳ ಎಲ್ಲಿ ಎಂದು ಕೇಳಿದರೆ ನಾವು ಕೊಡುವ ಉತ್ತರವೂ ಅದೇ ಎಂದರು. ಹಳ್ಳಕ್ಕೆ ಪಂಪು ಇಟ್ಟವರೆಲ್ಲ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಅವರೂ ತಲೆಯಾಡಿಸಿದರು. ಪ್ರಸಂಗಕ್ಕೆ ತಲೆಯಾಡಿಸಲು ಖರ್ಚೇನೂ ಬರುವುದಿಲ್ಲ.

ಪ್ರಸಂಗದ ಕೊನೆಗೆ ಫಾದರ್ ಒಂದು ಹೊಸ ಮಾತು ಹೇಳಿದರು. ಈ ಸಲ ತೆನೆಯ ಆಶೀರ್ವಾದ ಇಗರ್ಜಿಯಲ್ಲಿ ಅಲ್ಲ, ಕಾರ್ಮಿನ್ ಬಾಯಿಯ ಗದ್ದೆಯಲ್ಲೇ. ಎಲ್ಲರೂ ಮೆರವಣಿಗೆಯಲ್ಲಿ ಅಲ್ಲಿಗೆ ನಡೆದು ಹೋಗುವುದು. ಮಕ್ಕಳು ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮರಿಯಮ್ಮನಿಗೆ ಹಾಕುವ ಹೂವನ್ನೂ ಅಂಗಡಿಯಿಂದ ತರಬಾರದು, ಗದ್ದೆ ಅಂಚಿನಿಂದ ಕೊಯ್ದು ತರಬೇಕು.

ಕಾರ್ಮಿನ್ ಬಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಎಲ್ಲರೂ ತಿರುಗಿ ತನ್ನನ್ನೇ ನೋಡಿದಾಗ ಅವಳಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪಾಸ್ಕುವಿನ ಶವ ಎತ್ತಿದ ದಿನದ ನಂತರ ಅವಳ ಅಂಗಳದಲ್ಲಿ ನಾಲ್ಕು ಜನ ಒಟ್ಟಿಗೆ ನಿಂತದ್ದಿಲ್ಲ. ಆ ವಾರ ಅವಳು ಗೋಡೆಗೆ ಸುಣ್ಣ ಬಳಿದಳು, ಅಟ್ಟದ ಮೇಲಿದ್ದ ಪಿಂಗಾಣಿ ಬಸಿಗಳನ್ನು ಇಳಿಸಿ ಬೂದಿ ಹಾಕಿ ತಿಕ್ಕಿದಳು, ವಯಸ್ಸಾದವರು ಎಲ್ಲಿ ಕೂರುವುದು, ಪಾನಕ ಯಾವುದರಲ್ಲಿ ಮಾಡುವುದು ಎಂದು ತನ್ನಷ್ಟಕ್ಕೆ ಮಾತಾಡಿಕೊಂಡಳು. ಅವಳಿಗೆ ಸಂತೋಷವಾಗಿತ್ತು. ಬುದ್ಧಿ ಮಂಕಾಗುವಷ್ಟು ಸಂತೋಷವಾಗಿತ್ತು.

ಇಗರ್ಜಿಯ ಸಮಿತಿಯ ಪರವಾಗಿ ಗ್ರೇಟಾ ಟೀಚರ್ ದಾರಿ ನೋಡಲು ಬಂದರು. ಗದ್ದೆಯ ಅಂಚಿನ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಟೀಚರ್ ಅಲ್ಲೇ ನಿಂತು ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಎರಡು ಉಂಬಳ ಕಿತ್ತೆಸೆದು, ಸೀರೆ ಉಟ್ಟವರು, ಮುದುಕರು ಇದರಲ್ಲಿ ಹೇಗೆ ನಡೀತಾರೆ ಬಾಯಿ, ಸ್ವಲ್ಪ ಕ್ಲೀನ್ ಮಾಡಿಸಿ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಕಾರ್ಮಿನ್ ಬಾಯಿಗೆ ಅದು ಎದೆಗೆ ನಾಟಿತು. ಇಷ್ಟು ವರ್ಷದ ಮೇಲೆ ಜನ ತನ್ನ ಮನೆಗೆ ಬರುವಾಗ ಮುಖ ಸಿಂಡರಿಸಿಕೊಂಡು ಬರುವುದೇ?

ಹಿಂದೆಲ್ಲ ಅಂಚಿನ ಹುಲ್ಲು ಹೆರೆಯಲು ಮುಯ್ಯಾಳು ಸಾಕಿತ್ತು. ಇವತ್ತು ನಾಲ್ಕು ಮನೆಯವರು ನಿನ್ನ ಗದ್ದೆಯಲ್ಲಿ, ನಾಳೆ ನೀನು ಅವರ ಗದ್ದೆಯಲ್ಲಿ. ಕೂಲಿಯ ಮಾತೇ ಇಲ್ಲ. ಗದ್ದೆಯ ಕೆಳಗಿನ ಮನೆಯ ಕೆರಿಯಮ್ಮ, ಅವಳ ಗಂಡ ಜಟ್ಟಪ್ಪ ಮೊದಲು ಬರುವವರು. ಜಟ್ಟಪ್ಪ ತೀರಿಕೊಂಡ ಮೇಲೆ ಮಗ ನಾಗೇಂದ್ರ ತಮ್ಮ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ನೆಟ್ಟ. ಮೇಲಿನ ಮನೆಯವರೂ ಹಾಗೇ ಮಾಡಿದರು. ಅವರು ಬಂದರೆ ತಾನು ತಿರುಗಿ ಹೋಗಿ ದುಡಿದು ಮುಯ್ಯಿ ತೀರಿಸಲು ಅವರಲ್ಲಿ ಗದ್ದೆಯೇ ಇಲ್ಲ. ತೀರಿಸಲಾಗದ ಉಪಕಾರವನ್ನು ಕೇಳಬಾರದು ಎಂದು ಕಾರ್ಮಿನ್ ಬಾಯಿ ಕೇಳುವುದನ್ನೇ ಬಿಟ್ಟಳು. ಕೇಳುವುದು ಬಿಟ್ಟ ಮೇಲೆ ಹೋಗುವುದೂ ಕಡಿಮೆಯಾಯಿತು. ಕೆರಿಯಮ್ಮನ ಜೊತೆಗಿನ ಮಾತು ಬೇಲಿಯ ಮೇಲಿನಿಂದ ಮಳೆ ಬಂತು, ಮಳೆ ಬಿಡ್ತು ಎಂಬಷ್ಟಕ್ಕೆ ಬಂದು ನಿಂತಿತ್ತು.

ಹಾಗಾಗಿ ಅವಳು ಯೋಗರಾಜನಿಗೆ ಹೇಳಿಕಳಿಸಿದಳು. ಯೋಗರಾಜ್ ಶುಂಠಿ ಗದ್ದೆಗಳಿಗೆ ಕಳೆ ಸಾಯುವ ಔಷಧಿ ಹೊಡೆಯುವವನು. ಬೆನ್ನ ಮೇಲೆ ಕ್ಯಾನು ಕಟ್ಟಿಕೊಂಡು ಬಂದ. ಅಂಚನ್ನೂ ಅದಕ್ಕೆ ತಾಗಿಕೊಂಡೇ ಇದ್ದ ತೆನೆಮೂಲೆಯನ್ನೂ ನೋಡಿ, ಹೊಡೆ ಒಡೆಯುವ ಹೊತ್ತು, ಗಾಳಿಯೂ ಇದೆ, ಭತ್ತಕ್ಕೂ ಹಾರ್ತದೆ, ಇವತ್ತು ಬೇಡ ಎಂದ. ಬೇಕಾದರೆ ಈ ಭಾಗ ಕತ್ತಿಯಲ್ಲಿ ಹೆರೆಸಿ ಎಂದ. ಯಾರಿಂದ ಹೆರೆಸುವುದು? ಅವಳ ಮೊಣಕಾಲು ಬಗ್ಗುತ್ತಿರಲಿಲ್ಲ.

"ಹಬ್ಬ ಹತ್ರ ಬಂತು ಮಾರಾಯ, ಹೊಡಿ," ಎಂದಳು. ಅವನು ಹೊಡೆದ.

ವಾರದಲ್ಲಿ ಅಂಚು ಕೆಂಪಗೆ ಒಣಗಿ ಮಲಗಿತು. ಸಪಾಟು ದಾರಿ ನೋಡಿ ಅವಳಿಗೆ ಮೊದಲು ಸಮಾಧಾನವೇ ಆಯಿತು. ಆಮೇಲೆ ತೆನೆಮೂಲೆಯ ಕಡೆ ಹೋದಳು. ತೆನೆ ಹೊರಬಂದಿತ್ತು, ಆದರೆ ಬಿಳಿಚಿಕೊಂಡು ನೆಟ್ಟಗೆ ನಿಂತಿತ್ತು. ಕಾಳು ತುಂಬಿದ ತೆನೆ ಬಾಗುತ್ತದೆ. ಒಂದು ಕಾಳನ್ನು ಬೆರಳಿನಲ್ಲಿ ಹಿಚುಕಿದಳು, ಹಾಲಿಲ್ಲ. ಇನ್ನೊಂದು ಹಿಚುಕಿದಳು. ಬುಡದಿಂದ ತುದಿಯವರೆಗೆ, ಸಾಲಿನಿಂದ ಸಾಲಿಗೆ ಹಿಚುಕುತ್ತ ಹೋದಳು. ಎಲ್ಲ ಜೊಳ್ಳು. ಕೆಸರಿನಲ್ಲಿ ನಿಂತುಕೊಂಡು ಅವಳು ಗಟ್ಟಿಯಾಗಿ ಅತ್ತಳು. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾಚಿಕೊಳ್ಳುವ ಕಾರಣವೂ ಇರಲಿಲ್ಲ.

ಅಷ್ಟರಲ್ಲಿ ಹೂವಿನ ಒಂಬತ್ತು ದಿನ ಶುರುವಾಯಿತು. ಬೇರೆಯವರ ಜಮೀನಿನಲ್ಲಿ ಔಷಧಿ ಹೊಡೆದು ಹೊಡೆದು ಹೂವೆಂಬುದು ಇರಲಿಲ್ಲ, ಹಾಗಾಗಿ ಮಕ್ಕಳು ಬುಟ್ಟಿ ಹಿಡಿದುಕೊಂಡು ಸೀದಾ ಅವಳ ಗದ್ದೆಗೇ ಬಂದರು. ಹಳ್ಳದ ಪಕ್ಕ ಒಂದಿಷ್ಟು ಕರ್ಣಕುಂಡಲ, ತುಂಬೆ ಅರೆಜೀವದಲ್ಲಿ ಉಳಿದಿದ್ದವು. ಅವಳು ಅಂಗಳದಿಂದ ನೋಡುತ್ತಿದ್ದಂತೆ ಪುಟ್ಟ ಹುಡುಗಿಯೊಂದು ತುಂಬೆ ಹೂ ಕಿತ್ತು, ಮಕ್ಕಳೆಲ್ಲ ಮಾಡುವ ಹಾಗೆ, ಅದರ ಜೇನು ಚೀಪಲು ಬಾಯಿಗೆ ಇಟ್ಟಿತು. ಕಾರ್ಮಿನ್ ಬಾಯಿ ಓಡಿದಳು. ಮೊಣಕಾಲಿನ ನೋವು ಆಗ ಎಲ್ಲಿ ಹೋಗಿತ್ತೋ. ಹುಡುಗಿಯ ಕೈಗೆ ಹೊಡೆದು ಹೂ ಬೀಳಿಸಿ, ಹಳ್ಳದ ನೀರೂ ಬೇಡವೆಂದು ಬಾವಿಕಟ್ಟೆಗೆ ಎಳೆದೊಯ್ದು ಬಾಯಿ ತೊಳೆಸಿ, ಬುಟ್ಟಿಗಳನ್ನೆಲ್ಲ ಬರಿದು ಮಾಡಿಸಿ, ಇನ್ನು ಈ ಕಡೆ ಕಾಲಿಟ್ಟರೆ ಕಾಲು ಮುರೀತೇನೆ ಎಂದು ಓಡಿಸಿದಳು. ಯಾಕೆ ಎಂದು ಮಾತ್ರ ಹೇಳಲಿಲ್ಲ. ಹೇಳಲು ನಾಚಿಕೆ ಅಡ್ಡ ಬಂತು.

ಮಕ್ಕಳು ಮನೆಯಲ್ಲಿ ಹೇಳಿದವು. ಹಬ್ಬ ತನ್ನ ಗದ್ದೆಯಲ್ಲಿ ಎಂದು ಬಾಯಿಗೆ ಸೊಕ್ಕು ಬಂದಿದೆ ಎಂದು ತಾಯಂದಿರು ಮಾತಾಡಿಕೊಂಡದ್ದು ಮರುದಿನವೇ ಅವಳ ಕಿವಿಗೂ ಬಿತ್ತು. ಆ ಸಂಜೆಯಿಂದ ಯಾವ ಮಗುವೂ ಬರಲಿಲ್ಲ. ಬರಬಾರದೆಂದೇ ಅವಳು ಓಡಿಸಿದ್ದು. ಆದರೂ ಬರಲಿಲ್ಲವಲ್ಲ ಎಂದು ಹೊಸ ಸುಣ್ಣದ ಗೋಡೆಗೆ ಒರಗಿ ಕತ್ತಲಾಗುವವರೆಗೆ ದಾರಿ ನೋಡುತ್ತ ಕೂತಿದ್ದಳು.

ಹಬ್ಬಕ್ಕೆ ಮೊದಲಿನ ಶನಿವಾರ ಅವಳು ಪಾಪನಿವೇದನೆಗೆ ಹೋದಳು. ಫಾದರ್ ಕೂತ ಗೂಡಿನ ಜಾಲರಿಯ ಈಚೆ ಕಷ್ಟಪಟ್ಟು ಮೊಣಕಾಲೂರಿ, ಔಷಧಿ, ಗಾಳಿ, ಜೊಳ್ಳು, ಹುಡುಗಿಯ ಬಾಯಿ ಎಲ್ಲವನ್ನೂ ಹೇಳಿದಳು. ಫಾದರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಬೇರೆಯೇ.

"ಹುಲ್ಲು ಹೆರೆಯೋಕೆ ಯಾರನ್ನ ಕರೆದಿದ್ರಿ?"

"ಯಾರನ್ನೂ ಇಲ್ಲ ಫಾದರ್. ಮುಯ್ಯಿ ತೀರಿಸೋ ಹಾಗಿಲ್ಲ, ಹ್ಯಾಗೆ ಕರೀಲಿ?"

ಕಾರ್ಮಿನ್ ಬಾಯಿಗೆ ಅಷ್ಟು ಹೇಳಿದ್ದಕ್ಕೇ ಅರ್ಧ ಭಾರ ಇಳಿದಂತಾಗಿತ್ತು. ಇನ್ನು ನೀವೇ ಏನಾದರೂ ಮಾಡಿ ಮೆರವಣಿಗೆ ತಪ್ಪಿಸಿ ಎಂದಳು.

"ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಎತ್ತೋ ಹಾಗಿಲ್ಲ ಬಾಯಿ. ಮೆರವಣಿಗೆ ಇದೆ ಅಂತಲೇ ನಾಳೆ ಹೇಳ್ತೀನಿ. ಇಲ್ಲ ಅಂತ ಹೇಳಬೇಕಾದವರು ನೀವು."

ಧರ್ಮೋಪದೇಶದ ತರಗತಿಗೆ ಹೋಗುವ ಮಗುವಿಗೂ ಗೊತ್ತಿರುವ ವಿಷಯ. ಪಾಪನಿವೇದನೆಯಲ್ಲಿ ಹೇಳಿದ್ದು ಪಾದ್ರಿಯ ಪ್ರಾಣ ಹೋದರೂ ಹೊರಬೀಳುವುದಿಲ್ಲ. ಹುಟ್ಟಿದಾಗಿನಿಂದ ಇಗರ್ಜಿಗೆ ನಡೆದವಳಿಗೆ ಅದು ಆ ಹೊತ್ತಿಗೆ ಹೊಳೆಯಲಿಲ್ಲ. ಫಾದರ್ ಅವರ ಬಂಗಲೆಗೆ ಹೋಗಿ ಒಂದು ಲೋಟ ನೀರು ಕುಡಿದು ಹೇಳಿದ್ದರೆ ಮುಗಿಯುತ್ತಿತ್ತು. ಜಾಲರಿಯಲ್ಲಿ ಹೇಳಿ ಅವರ ಬಾಯಿಗೆ ತಾನೇ ಬೀಗ ಹಾಕಿಬಿಟ್ಟಿದ್ದಳು. ಪ್ರಾಯಶ್ಚಿತ್ತವಾಗಿ ಅವರು ಜಪಸರ ಹೇಳಿ ಎನ್ನಲಿಲ್ಲ. ತಿರುಗಿ ಏನೂ ಕೊಡಲಾಗುವುದಿಲ್ಲ ಎಂದು ಗೊತ್ತಿದ್ದೂ ಒಬ್ಬರನ್ನು ಹೋಗಿ ಕೆಲಸಕ್ಕೆ ಕರೆಯಿರಿ ಎಂದರು. ಇದಕ್ಕಿಂತ ಮೊಣಕಾಲಲ್ಲಿ ನಡೆ ಎಂದಿದ್ದರೆ ಸುಲಭವಿತ್ತು ಎಂದು ಅವಳಿಗೆ ಅನ್ನಿಸಿತು.

ಭಾನುವಾರ ಪ್ರಕಟಣೆಯ ಹೊತ್ತಿಗೆ ಅವಳು ಎದ್ದು ನಿಂತಳು. ಹಿಂದಿನ ಬೆಂಚಿನಿಂದಲೇ, ಬೆಂಚಿನ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡು, ಗದ್ದೆಗೆ ಯಾರೂ ಬರಬೇಡಿ, ನಾನು ಔಷಧಿ ಹೊಡೆಸಿದೆ, ತೆನೆ ಸತ್ತಿದೆ, ಮಕ್ಕಳನ್ನು ಅದಕ್ಕೇ ಓಡಿಸಿದ್ದು ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಯಾರೂ ಬೈಯಲಿಲ್ಲ. ಪೂಜೆ ಮುಗಿದ ಮೇಲೆ ಒಬ್ಬಿಬ್ಬರು ಪರವಾಗಿಲ್ಲ ಬಾಯಿ ಎಂದು ಭುಜ ಮುಟ್ಟಿ ಹೋದರು. ಗ್ರೇಟಾ ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ನಿಂತು ಬಯಲುಸೀಮೆ ಕಡೆಯ ಯಾರಿಗೋ ಫೋನ್ ಮಾಡಿ, ಬೋರ್‌ವೆಲ್ ನೀರಿನಲ್ಲಿ ಬೆಳೆದ ತೆನೆಯನ್ನು ಸಂಜೆಯ ಬಸ್ಸಿಗೆ ಹಾಕಲು ಹೇಳಿದರು. ಒಂದೇ ಫೋನಿನಲ್ಲಿ ಕೆಲಸ ಆಯಿತು. ಇಷ್ಟು ವರ್ಷ ತಾನು ಕೊಡ ಹೊತ್ತದ್ದು ಒಂದು ಫೋನಿಗೆ ಸಮ ಎಂದು ತಿಳಿದಾಗ ಅವಳಿಗೆ ಆದಷ್ಟು ನೋವು ತೆನೆ ಸತ್ತ ದಿನವೂ ಆಗಿರಲಿಲ್ಲ.

ಹಬ್ಬದ ದಿನ ಫಾದರ್ ಪ್ರಸಂಗದಲ್ಲಿ ಆ ಗದ್ದೆಯ ಮಾತೆತ್ತಿದರು. ಈಗ ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಔಷಧಿ ಹೊಡೆಸಿದ್ದು ಒಬ್ಬರೇ ಇರಬಹುದು, ಆದರೆ ನಮ್ಮೆಲ್ಲರ ತೆನೆಯನ್ನು ಒಬ್ಬರ ತಲೆಗೆ ಕಟ್ಟಿ ನಾವು ಸುಮ್ಮನೆ ಕೂತದ್ದು ಎಷ್ಟು ವರ್ಷ ಎಂದು ಕೇಳಿದರು. ಒಂದು ಮಧ್ಯಾಹ್ನ ಹೋಗಿ ಹುಲ್ಲು ಹೆರೆದುಕೊಡಲು ನಮಗೆ ಏನಾಗಿತ್ತು, ನನಗೂ ಏನಾಗಿತ್ತು ಎಂದರು. ಜನ ತಲೆಯಾಡಿಸಿದರು. ಆಮೇಲೆ ಹಬ್ಬದ ವಾಡಿಕೆಯಂತೆ ಮಕ್ಕಳಿಗೆ ಕಬ್ಬು ಹಂಚಿದರು, ಮನೆಮನೆಗೆ ತೆನೆ ಹಂಚಿದರು. ಕಾರ್ಮಿನ್ ಬಾಯಿಯ ಕೈಗೂ ಒಂದು ಬಂತು. ಹುಟ್ಟಿದಂದಿನಿಂದ ಅವಳು ತೆನೆ ಕೊಟ್ಟ ಮನೆಯವಳು, ತೆಗೆದುಕೊಂಡದ್ದು ಇದೇ ಮೊದಲು. ಥ್ಯಾಂಕ್ಸ್ ಎಂದು ಹೇಳಬೇಕೋ ಬೇಡವೋ ಗೊತ್ತಾಗದೆ ಸುಮ್ಮನೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ದಾರಿಯಲ್ಲಿ ಯಾರೂ ಅವಳ ಮನೆಯ ಕಡೆ ತಿರುಗಲಿಲ್ಲ.

ಪಾಯಸ ಮಾಡಿದಳು. ಬಟ್ಟಲಿಗೆ ಹಾಕಿಕೊಂಡು ಕೂತಳು, ಮುಟ್ಟದೆ ಎದ್ದಳು. ಪ್ರಾಯಶ್ಚಿತ್ತ ಹಾಗೇ ಉಳಿದಿತ್ತು. ಕೊನೆಗೆ ಒಂದು ಗಿಂಡಿಗೆ ಪಾಯಸ ಸುರಿದು ಮುಚ್ಚಿಕೊಂಡು, ಔಷಧಿಗೆ ಸುಟ್ಟ ಅಂಚಿನ ಮೇಲೆ ನಡೆದು, ಬೇಲಿ ದಾಟಿ ಕೆರಿಯಮ್ಮನ ಮನೆಗೆ ಹೋದಳು. ಕೆರಿಯಮ್ಮ ಜಗಲಿಯಲ್ಲಿ ಕೂತು ಕೆಸುವಿನ ಸೊಪ್ಪು ಸೋಸುತ್ತಿದ್ದಳು. ಇವಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಬೆನ್ನು ಬಾಗಿತ್ತು. ಕಣ್ಣೆತ್ತಿ ನೋಡಿದಳು, ಕೂತ್ಕೋ ಎನ್ನಲಿಲ್ಲ.

"ಕೆರಿಯಕ್ಕ, ಉಳಿದ ಅಂಚು ಹೆರೆಯೋಕೆ ಒಂದಿನ ಬರ್ತೀಯಾ? ತಿರುಗಿ ಮಾಡಿಕೊಡೋಕೆ ನನ್ನ ಕೈಲಿ ಏನೂ ಆಗಲ್ಲ."

ಕೆರಿಯಮ್ಮ ಸೊಪ್ಪಿನ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಔಷಧಿ ಎಲ್ಲಿ ತಂಕ ಹೊಡ್ಸಿದೀಯ?"

ಮೇಲಿನ ಅಂಚಿಗೆ, ತೆನೆಮೂಲೆಗೆ ತಾಗಿದೆ ಎಂದಳು ಕಾರ್ಮಿನ್ ಬಾಯಿ.

"ಕೆಳಗಿನ ದೊಡ್ಡ ಗದ್ದೆ?"

ಅದು ಚೆನ್ನಾಗಿದೆ, ಹಸಿರಾಗಿದೆ ಎಂದಾಗ ಕೆರಿಯಮ್ಮನ ಕೈ ನಿಂತಿತು. ಹಿಡಿದಿಟ್ಟಿದ್ದ ಉಸಿರು ಬಿಟ್ಟಳು. ಅವಳು ಸಿಟ್ಟಾಗಿದ್ದಾಳೆಂದು ತಿಳಿದಿದ್ದ ಕಾರ್ಮಿನ್ ಬಾಯಿಗೆ, ಅದು ಸಿಟ್ಟಲ್ಲ, ಹೆದರಿಕೆ ಎಂದು ಆಗ ಗೊತ್ತಾಯಿತು.

"ಭೂಮಿ ಹುಣ್ಣಿಮೆಗೆ ನಾನು ಎಲ್ಲಿಗೆ ಹೋಗ್ತೀನಿ ಅಂತ ನಿಂಗೆ ಗೊತ್ತೇನೆ?" ಎಂದಳು ಕೆರಿಯಮ್ಮ.

ಭೂಮಿ ಹುಣ್ಣಿಮೆಯೆಂದರೆ ಭತ್ತ ಹೊಡೆ ತುಂಬಿ ನಿಂತಾಗ, ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ. ಕೆರಿಯಮ್ಮನವರ ಕಡೆ ಅದಕ್ಕಿಂತ ದೊಡ್ಡದಿಲ್ಲ. ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ತೋಟಕ್ಕೇ ಹೋಗ್ತಿರಬಹುದು, ಊರವರೆಲ್ಲ ಈಗ ಅಡಿಕೆ ತೋಟದಲ್ಲೇ ಪೂಜೆ ಮಾಡ್ತಾರಲ್ಲ ಎಂದಳು ಕಾರ್ಮಿನ್ ಬಾಯಿ.

"ಮಗ ಮಾಡ್ತಾನೆ ತೋಟದಾಗೆ. ನಂಗೆ ಮನಸು ಬರಲ್ಲ. ಹೊಡೆ ತುಂಬಿದ ಗದ್ದೆ ಈ ಬದಿಗೆ ನಿಂದೊಂದೇ ಉಳಿದಿರೋದು. ಅವ್ರು ಹೋದಾಗಿಂದ ಪ್ರತಿ ವರ್ಷ ನಿನ್ನ ಗದ್ದೆಗೇ ಬಂದು ಬಡಿಸಿ ಹೋಗ್ತೀನಿ, ಕತ್ಲಲ್ಲೇ. ನಿನ್ನ ಕೇಳ್ಲಿಲ್ಲ. ನಿಮ್ಮ ಧರ್ಮಕ್ಕೆ ಆಗಲ್ಲ ಅಂತೀಯೇನೋ ಅಂತ ಹೆದ್ರಿಕೆ." ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. "ತಿರುಗಿ ಕೊಡೋಕೆ ಏನೂ ಇಲ್ಲ ಅಂತೀಯಲ್ಲ. ಇಷ್ಟು ವರ್ಷದ ಮುಯ್ಯಿ ನಂದೇ ಬಾಕಿ ಅದೆ ಕಣೇ. ಕರೀತೀಯ ಕರೀತೀಯ ಅಂತ ಕಾದೆ. ನೀನು ಕ್ಯಾನಿನವನ್ನ ಕರ್ದೆ."

ಕಾರ್ಮಿನ್ ಬಾಯಿ ಕೇಳದೆಯೇ ಜಗಲಿಯ ಮೇಲೆ ಕೂತುಬಿಟ್ಟಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಕೂಗಳತೆಯಲ್ಲಿ ಇಬ್ಬರು ಹೆಂಗಸರು, ಒಬ್ಬಳಿಗೆ ಕರೆಯಲು ಸಂಕೋಚ, ಇನ್ನೊಬ್ಬಳಿಗೆ ಕೇಳಲು ಹೆದರಿಕೆ. ಹೀಗೇ ವರ್ಷಗಳು ಹೋಗಿದ್ದವು. ಗಿಂಡಿಯನ್ನು ಕೆರಿಯಮ್ಮನ ಕಡೆ ಸರಿಸಿದಳು. ಕೆರಿಯಮ್ಮ ಒಳಗಿನಿಂದ ಎರಡು ಲೋಟ ತಂದು ಸಮ ಸುರಿದಳು. ನಾಡಿದ್ದು ಕತ್ತಿ ತಗೊಂಡು ಬರ್ತೀನಿ, ಮೊಣಕಾಲು ಬಗ್ಗದಿದ್ದರೆ ನೀನು ಅಂಚಿನ ಮೇಲೆ ಕೂತು ಮಾತಾಡು, ಅಷ್ಟು ಸಾಕು ಎಂದಳು.

ಲೋಟ ಖಾಲಿಯಾದ ಮೇಲೆ ಕಾರ್ಮಿನ್ ಬಾಯಿ ಹೇಳಿದಳು:

"ಹುಣ್ಣಿಮೆಗೆ ಬರುವಾಗ ನನ್ನನ್ನ ಕೂಗು ಕೆರಿಯಕ್ಕ."

"ಅಷ್ಟು ಬೆಳಗಾಗೋ ಮುಂಚೆ ಎದ್ದಿರ್ತೀಯಾ?"

"ದಿನಾ ಎದ್ದೇ ಇರ್ತೀನಿ. ನೀನು ಬಂದು ಹೋದಾಗಲೂ ಎಲ್ಲಾ ವರ್ಷ ಒಳಗೆ ಎಚ್ಚರಾಗೇ ಇದ್ದೆ, ಗೊತ್ತಾಗಲಿಲ್ಲ ಅಷ್ಟೆ."